ಪಲ್ಸಿನ ಅಗಲ ಅಳೆಯಹೋದವನ ಪಾಡು

ಇಪ್ಪತ್ತಾರು ವರ್ಷಗಳ ದಾಂಪತ್ಯದಲ್ಲಿ ನನ್ನ ಹೆಂಡತಿ ‘ಇದನ್ನೊಂದು ಹೇಳಿಕೊಡಿ’ ಎಂದು ನನ್ನ ಮುಂದೆ ಕೂತದ್ದು ಒಂದೇ ಒಂದು ಸಲ. ಆ ಒಂದು ಸಲಕ್ಕೆ ನಾನು ತೆತ್ತದ್ದು ಒಂದು ದವಡೆ ಹಲ್ಲು ಮತ್ತು ಉಳಿದಿದ್ದಷ್ಟು ಮಾನ. (ಹಲ್ಲು ಮೊದಲೇ ಅಲ್ಲಾಡುತ್ತಿತ್ತು ಎನ್ನುವವರಿದ್ದಾರೆ. ಮಾನದ ವಿಷಯದಲ್ಲೂ ನಮ್ಮ ಅತ್ತೆಯ ಅಭಿಪ್ರಾಯ ಅದೇ.)

ನಾನು ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ವ್ಯಾಕರಣ ಕಲಿಸಿ ನಿವೃತ್ತನಾದವನು. ನನ್ನ ಹೆಂಡತಿ ಎಂಟನೆಯ ತರಗತಿಗೇ ಪುಸ್ತಕ ಮುಚ್ಚಿ, ಅಪ್ಪನ ಅಂಗಡಿಯಲ್ಲಿ ಕೂತು ಇನ್ವರ್ಟರ್ ರಿಪೇರಿ ಕಲಿತವಳು. ಕರೆಂಟು ಹೋದಾಗ ಬ್ಯಾಟರಿಯಿಂದ ದೀಪ, ಫ್ಯಾನು ನಡೆಸುವ ಪೆಟ್ಟಿಗೆ ಇದೆಯಲ್ಲ, ಅದರ ಹೊಟ್ಟೆ ಬಿಚ್ಚಿ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆಲ್ಲ ಅವಳು ‘ಇನ್ವರ್ಟರ್ ಅಕ್ಕ’. ನಾನು ‘ಇನ್ವರ್ಟರ್ ಅಕ್ಕನ ಮನೆಯವರು’. ಅಂಗಡಿ ತೆರೆದಾಗ ಶುದ್ಧ ಭಾಷೆಯಲ್ಲಿರಲಿ ಎಂದು ನಾನು ‘ವಿದ್ಯುತ್ ಪರಿವರ್ತಕ ಚಿಕಿತ್ಸಾಲಯ’ ಎಂದು ಬೋರ್ಡು ಬರೆಸಿದ್ದೆ. ಮೊದಲ ವಾರ ಇಬ್ಬರು ಬಂದರು. ಒಬ್ಬರಿಗೆ ಸೊಂಟ ನೋವು, ಇನ್ನೊಬ್ಬರಿಗೆ ತಲೆಸುತ್ತು. ಎರಡನೆಯ ವಾರ ಅವಳೇ ಏಣಿ ಹತ್ತಿ ‘ಇನ್ವರ್ಟರ್ ರಿಪೇರಿ’ ಎಂದು ಬರೆದಳು. ಅವತ್ತಿನಿಂದ ಪೆಟ್ಟಿಗೆಗಳು ಬರತೊಡಗಿದವು.

ಹೀಗಿರುವಾಗ ಹೊಸದೊಂದು ನಿಯಮ ಬಂತು. ಮುಂದಿನ ತಿಂಗಳಿನಿಂದ ದವಾಖಾನೆ, ಕ್ಲಿನಿಕ್ಕುಗಳ ಕೆಲಸಕ್ಕೆ ಸರ್ಟಿಫಿಕೇಟು ಇದ್ದವರನ್ನು ಮಾತ್ರ ಕರೆಯಬೇಕು. ಅವಳ ಕೆಲಸದಲ್ಲಿ ಮುಕ್ಕಾಲು ಪಾಲು ಕ್ಲಿನಿಕ್ಕುಗಳದೇ. ಸರ್ಟಿಫಿಕೇಟಿಗೆ ಪರೀಕ್ಷೆ ಇತ್ತು, ಅದರಲ್ಲಿ ಅರ್ಧ ಬರವಣಿಗೆ.

“ರೀ, ಕೈಯಲ್ಲಿ ಮಾಡಿ ತೋರ್ಸು ಅಂದ್ರೆ ಕಣ್ಮುಚ್ಕೊಂಡು ಮಾಡ್ತೀನಿ. ಬಾಯಲ್ಲಿ ಹೇಳು ಅಂದ್ರೂ ಹೇಳ್ತೀನಿ. ಪೆನ್ನು ಹಿಡಿದ್ರೆ ಮಾತ್ರ ಬೆರಳು ನಡುಗುತ್ತೆ. ಬರೆಯೋದು ಹೇಗೆ ಅಂತ ಹೇಳ್ಕೊಡ್ತೀರಾ?” ಎಂದು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಮುಂದಿಟ್ಟಳು.

ಮೊದಲ ಪ್ರಶ್ನೆ, ಹತ್ತು ಅಂಕ: ‘ಇನ್ವರ್ಟರಿನಲ್ಲಿ ಪಲ್ಸ್ ಅಗಲ ಎಂದರೇನು? ವಿವರಿಸಿ.’

“ಇದೇನು ಮಹಾ!” ಎಂದೆ. ಅನ್ನಬಾರದಿತ್ತು. “ನೀನು ವಿಷಯ ಹೇಳು, ನಾನು ವಾಕ್ಯ ಮಾಡಿಕೊಡ್ತೀನಿ.”

ಅವಳು ಹೇಳಿದಳು. “ಬ್ಯಾಟರಿ ಕರೆಂಟು ಒಂದೇ ದಿಕ್ಕಿಗೆ ಹರಿಯುತ್ತೆ. ಮನೆ ಸಾಮಾನಿಗೆ ಹಾಗಲ್ಲ, ಒಂದ್ಸಲ ಆ ಕಡೆ, ಒಂದ್ಸಲ ಈ ಕಡೆ ಹರೀಬೇಕು. ಅದಕ್ಕೆ ಇನ್ವರ್ಟರು ಬಾಗಿಲು ತೆಗೆದು ಆ ಕಡೆಗೊಂದು ತಳ್ಳುತ್ತೆ, ಮುಚ್ಚುತ್ತೆ, ಮತ್ತೆ ತೆಗೆದು ಈ ಕಡೆಗೊಂದು ತಳ್ಳುತ್ತೆ. ಹೀಗೆ ಸೆಕೆಂಡಿಗೆ ಐವತ್ತು ಸಲ. ಆ ಒಂದೊಂದು ತಳ್ಳುವಿಕೇನೇ ಪಲ್ಸು. ಬಾಗಿಲು ಎಷ್ಟು ಹೊತ್ತು ತೆಗೆದಿರುತ್ತೋ ಅದೇ ಪಲ್ಸಿನ ಅಗಲ. ಜಾಸ್ತಿ ಹೊತ್ತು ತೆಗೆದಿಟ್ರೆ ದೀಪಕ್ಕೆ ಜಾಸ್ತಿ ಸಿಗುತ್ತೆ, ಬೇಗ ಮುಚ್ಚಿದ್ರೆ ಕಮ್ಮಿ. ಬ್ಯಾಟರಿ ಸೊರಗಿದಾಗ ಅಗಲ ಮಾಡ್ಬೇಕು, ತುಂಬಿದ್ದಾಗ ಕಿರಿದು ಮಾಡ್ಬೇಕು. ಅಷ್ಟೇ.”

ಅಷ್ಟೇ! ಅಷ್ಟರಲ್ಲೇ ನಾನು ಸಿಕ್ಕಿಬಿದ್ದೆ.

“ಹೊತ್ತು ಅಂದ್ರೆ ಕಾಲ. ಕಾಲಕ್ಕೆ ಉದ್ದ ಇರಬಹುದು, ಅಗಲ ಎಲ್ಲಿಂದ ಬರುತ್ತೆ?”

“ಮೊದಲು ನೀವು ಕಾಲು ಅಗಲ ಮಾಡ್ಕೊಂಡು ಕೂತಿರೋದನ್ನ ಸರಿ ಮಾಡಿ. ಕೆಳಗೆ ಸ್ಕ್ರೂ ಬಿದ್ದಿದೆ.”

ಮೂರು ದಿನ ನಾನು ನಿದ್ದೆಯಲ್ಲೂ ಬಾಗಿಲು ತೆಗೆದೆ, ಮುಚ್ಚಿದೆ. ಬಾಗಿಲು ತೆಗೆದರೆ ಕರೆಂಟು ಬರುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಹಾಗಿದ್ದಮೇಲೆ ದೀಪ ಮಿಣಮಿಣ ಅನ್ನಬೇಕಲ್ಲ, ಮಂದವಾಗಿ ಉರಿಯುವುದು ಹೇಗೆ? ಕೇಳೋಣವೆಂದರೆ ಗುರುವಿನ ಪೀಠದಲ್ಲಿ ಕೂತವನು ಶಿಷ್ಯೆಯನ್ನು ಕೇಳುವುದುಂಟೆ? ವಿಷಯ ತಿಳಿಯದಾಗ ಪಂಡಿತನಾದವನು ಮಾಡುವ ಕೆಲಸವನ್ನೇ ನಾನೂ ಮಾಡಿದೆ: ಅದಕ್ಕೊಂದು ಹೆಸರಿಟ್ಟೆ. ‘ಸ್ಪಂದವಿಸ್ತಾರ’. ಮೂರು ಪುಟದ ಉತ್ತರ ಬರೆದು ಗಂಭೀರವಾಗಿ ಓದಿದೆ. “ಸ್ಪಂದವಿಸ್ತಾರವೆಂದರೆ ಸ್ಪಂದದ ವಿಸ್ತಾರ. ಇದು ತತ್ಪುರುಷ ಸಮಾಸ...”

ಅವಳು ಬೆಸುಗೆ ಹಾಕುತ್ತಿದ್ದವಳು ತಲೆಯೆತ್ತಿದಳು. “ಇದನ್ನ ಬರೆದ್ರೆ ಫ್ಯಾನು ತಿರುಗುತ್ತಾ?”

ಇಷ್ಟು ಸಾಲದೆಂಬಂತೆ ನಮ್ಮ ಅತ್ತೆ. ಅವರಿಗೆ ಒಂದು ಕಿವಿ ಮಂದ, ಇನ್ನೊಂದು ಕಿವಿ ತನಗೆ ಬೇಕಾದ್ದನ್ನಷ್ಟೇ ಕೇಳುತ್ತದೆ. ನಾನು ಪಡಸಾಲೆಯಲ್ಲಿ ಶತಪಥ ಹಾಕುತ್ತ “ಪಲ್ಸು ಅಗಲ... ಪಲ್ಸು ಅಗಲ...” ಎಂದು ಗೊಣಗುವುದನ್ನು ಕೇಳಿ ಹತ್ತಿರ ಬಂದು ಮಣಿಕಟ್ಟು ಹಿಡಿದರು.

“ನಾಡಿಗೆ ಅಗಲ ಎಲ್ಲಿಂದ ಬಂತು ಅಳಿಯಂದ್ರೇ? ಯಾವ ಡಾಕ್ಟ್ರು ಹೇಳಿದ್ದು?”

“ಅದಲ್ಲ ಅತ್ತೆ, ಇನ್ವರ್ಟರಿನ ಪಲ್ಸು.”

“ಅಯ್ಯೋ ಪಾಪ, ಇನ್ವರ್ಟರ್ ಹಾಕಿಸ್ಬೇಕಂತಾ?”

ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಮುಟ್ಟಿತು: ಮೇಷ್ಟ್ರಿಗೆ ಪಲ್ಸ್ ಅಗಲವಾಗಿದೆಯಂತೆ, ಎದೆಯೊಳಗೆ ಇನ್ವರ್ಟರ್ ಇಡುತ್ತಾರಂತೆ. ಪಕ್ಕದ ಮನೆಯಾಕೆ ಬಾಳೆಹಣ್ಣು ತಂದು ಬಾಗಿಲಲ್ಲೇ ನಿಂತು, ಒಳಗೆ ಬರಲು ಹೆದರಿದವರಂತೆ ಪಿಸುಗುಟ್ಟಿದರು. “ಎಷ್ಟು ದಿನ ಅಂತ ಹೇಳಿದ್ದಾರೆ?” ಪರೀಕ್ಷೆಗೆ ಉಳಿದ ದಿನಗಳ ಲೆಕ್ಕದಲ್ಲೇ ಇದ್ದ ನಾನು “ಹದಿನಾಲ್ಕು” ಎಂದುಬಿಟ್ಟೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟುಹೋದರು.

ನಾಲ್ಕನೆಯ ದಿನ ಬೆಳಿಗ್ಗೆ ಸ್ನಾನದ ಮನೆಯಲ್ಲಿ ತಲೆಗೆ ಸೋಪು ಹಚ್ಚಿಕೊಂಡಿದ್ದಾಗ ಜ್ಞಾನೋದಯವಾಯಿತು. ಲಘು, ಗುರು! ಮೂವತ್ತನಾಲ್ಕು ವರ್ಷ ಪದ್ಯಕ್ಕೆ ಪ್ರಸ್ತಾರ ಹಾಕಿದ್ದೇನೆ. ಹ್ರಸ್ವವಾದರೆ ಲಘು, ಒಂದು ಮಾತ್ರೆಯ ಹೊತ್ತು. ದೀರ್ಘವಾದರೆ ಗುರು, ಎರಡು ಮಾತ್ರೆಯ ಹೊತ್ತು. ಬಾಯಿ ತೆರೆದೇ ಇದ್ದಷ್ಟೂ ಅಕ್ಷರಕ್ಕೆ ತೂಕ. ಓದುವಾಗ ಯಾರೂ ಅಕ್ಷರಗಳನ್ನು ಬಿಡಿಬಿಡಿಯಾಗಿ ಕೇಳುವುದಿಲ್ಲ. ಕಿವಿಗೆ ಸಿಗುವುದು ಒಟ್ಟು ನಡೆ. ದೀಪಕ್ಕೂ ಹಾಗೇ! ಸೆಕೆಂಡಿಗೆ ಐವತ್ತು ಸಲ ಬಡಿದರೆ ಅದಕ್ಕೇನು ಬಿಡಿ ಬಡಿತ ತಿಳಿಯುತ್ತದೆಯೆ? ಒಟ್ಟು ತೂಕವಷ್ಟೇ. ಸೋಪು ತೊಳೆಯದೆ ಟವೆಲು ಸುತ್ತಿಕೊಂಡು ಅಂಗಡಿಗೆ ಓಡಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

ಅವಳು ಕೈಯಲ್ಲಿದ್ದ ಬೆಸುಗೆ ಕಡ್ಡಿ ಕೆಳಗಿಟ್ಟಳು. “ಸರಿಯಾಗೇ ಹೇಳಿದ್ರಿ ರೀ. ಇದೇ ವಿಷಯ.”

ಓದುಗ ಮಹಾಶಯರೇ, ಅವಳ ಬಾಯಿಂದ ‘ಸರಿಯಾಗೇ ಹೇಳಿದ್ರಿ’ ಎಂಬ ಮಾತು ಮದುವೆಯ ದಿನ ನಾನು ನನ್ನ ಹೆಸರು ಹೇಳಿದಾಗಲೂ ಬಂದಿರಲಿಲ್ಲ. ಬೈಗುಳದಿಂದ ಕೆಟ್ಟ ಗಂಡಸರು ಕಡಿಮೆ. ನಾನು ಕೆಟ್ಟದ್ದು ಈ ಹೊಗಳಿಕೆಯಿಂದ.

ಮರುದಿನ ಅವಳು ಪರೀಕ್ಷೆಯ ಅರ್ಜಿಗೆ ಫೋಟೊ ಅಂಟಿಸಿ ಕೊಟ್ಟುಬರಲು ಹೋದಳು. ಮೇಜಿನ ಮೇಲೆ ಹಲ್ಲಿನ ಡಾಕ್ಟರ ಇನ್ವರ್ಟರು ರಿಪೇರಿಯಾಗಿ ಸಿದ್ಧವಾಗಿತ್ತು. “ಹನ್ನೊಂದಕ್ಕೆ ನರ್ಸಮ್ಮ ಬರ್ತಾರೆ, ಕೊಟ್ಬಿಡಿ. ಏನೂ ಮುಟ್ಬೇಡಿ” ಎಂದು ಹೇಳಿಯೇ ಹೋಗಿದ್ದಳು. ನಾನು ಮುಟ್ಟುತ್ತಿರಲಿಲ್ಲ. ಸುಮ್ಮನೆ, ಕಲಿತದ್ದನ್ನು ಕಣ್ಣಾರೆ ನೋಡೋಣವೆಂದು, ಇನ್ವರ್ಟರನ್ನು ಚಾಲೂ ಮಾಡಿ ಅವಳ ಹಳದಿ ಮೀಟರಿನ ಎರಡು ಕಡ್ಡಿಗಳನ್ನು ತೂತಿಗೆ ಚುಚ್ಚಿದೆ. ಇನ್ನೂರ ಮೂವತ್ತು ವೋಲ್ಟು ಬರಬೇಕು, ಅಷ್ಟು ನನಗೂ ಗೊತ್ತು. ಮೀಟರು ನೂರ ಎಂಬತ್ತು ತೋರಿಸಿತು.

ಐವತ್ತು ಕಮ್ಮಿ! ಪರೀಕ್ಷೆಯ ಭಯದಲ್ಲಿ ಪಾಪ, ಲೆಕ್ಕ ತಪ್ಪಿದ್ದಾಳೆ. ಈ ಪೆಟ್ಟಿಗೆ ಹೀಗೇ ಹೋದರೆ ಡಾಕ್ಟರು ಏನಂದುಕೊಂಡಾರು? ಹೆಂಡತಿಯ ಮಾನ ಕಾಪಾಡುವುದು ಗಂಡನ ಧರ್ಮ. ಮುಚ್ಚಳ ಬಿಚ್ಚಿದೆ. ಒಳಗಿನ ಹಲಗೆಯ ಮೇಲೆ ಪಲ್ಸಿನ ಅಗಲ ಹೊಂದಿಸುವ ಸಾಸಿವೆಯಷ್ಟು ಸ್ಕ್ರೂ ಯಾವುದೆಂದು ಅವಳೇ ಒಮ್ಮೆ ತೋರಿಸಿದ್ದಳು. ಹೊಂದಿಸಿದ್ದು ಕದಲದಿರಲೆಂದು ಅದರ ತಲೆಗೆ ಕೆಂಪು ಉಗುರುಬಣ್ಣದ ಒಂದು ತೊಟ್ಟು ಮೆತ್ತಿದ್ದಳು. ಹೆಬ್ಬೆರಳ ಉಗುರಿನಿಂದ ಕೆರೆದು ತೆಗೆದೆ.

ಒಳಗಿನಿಂದ ಅತ್ತೆ ಕೂಗಿದರು. “ಅವಳನ್ನ ಕೇಳ್ದೆ ಏನೂ ಮುಟ್ಬೇಡಿ ಅಳಿಯಂದ್ರೇ! ನಿಮ್ಮ ಪಲ್ಸೇ ಸರಿ ಇಲ್ಲ!”

ನಾನು ಸ್ಕ್ರೂ ತಿರುಗಿಸಿದೆ. ನೂರ ತೊಂಬತ್ತು... ಇನ್ನೂರ ಹತ್ತು... ಇನ್ನೂರ ಮೂವತ್ತು. ಲಘುಗಳೆಲ್ಲ ನನ್ನ ಕಣ್ಣೆದುರೇ ಗುರುಗಳಾದವು. ಹಿಂದಿನ ಬೆಂಚಿನ ದಡ್ಡ ಹುಡುಗ ಫಸ್ಟ್ ಕ್ಲಾಸಿನಲ್ಲಿ ಪಾಸಾದಾಗ ಆಗುವ ಸಂತೋಷ ಆಯಿತು. ನರ್ಸಮ್ಮ ಬಂದಾಗ ಸುಮ್ಮನಿದ್ದು ಕೊಟ್ಟು ಕಳಿಸಬಹುದಿತ್ತು. “ನಮ್ಮವಳು ಸ್ವಲ್ಪ ಕಮ್ಮಿ ಇಟ್ಟಿದ್ದಳು, ನಾನು ಈಗ ಸರಿ ಮಾಡಿದ್ದೀನಿ ಅಂತ ಡಾಕ್ಟ್ರಿಗೆ ಹೇಳಿ” ಎಂದೂ ಸೇರಿಸಿದೆ.

ಮಧ್ಯಾಹ್ನ ಮೂರಕ್ಕೆ ಕರೆಂಟು ಹೋಯಿತು. ಮೂರೂ ಕಾಲಿಗೆ ಹಲ್ಲಿನ ಡಾಕ್ಟರು ಗ್ಲೌಸು ಕಳಚದೆ ನಮ್ಮ ಮನೆಗೆ ಬಂದರು. ಅವರು ಹೇಳಿದ್ದನ್ನೆಲ್ಲ ಬರೆಯಲು ನನ್ನ ವ್ಯಾಕರಣ ಒಪ್ಪುವುದಿಲ್ಲ, ಸಾರಾಂಶ ಇಷ್ಟು. ಬೇಕರಿಯ ಯಜಮಾನರು (ತೂಕ ಒಂದು ಕ್ವಿಂಟಾಲಿಗೆ ತುಸು ಹೆಚ್ಚು) ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದರು. ಇನ್ವರ್ಟರು ಚಾಲೂ ಆದೊಡನೆ ಮೇಲಿನ ದೀಪ ನಡುಹಗಲ ಸೂರ್ಯನಂತೆ ಬೆಳಗಿತು. “ಆಹಾ, ಎಂಥ ಬೆಳಕು!” ಎಂದು ಡಾಕ್ಟರು ಅನ್ನುವಷ್ಟರಲ್ಲಿ ಢಂ ಎಂದು ಒಡೆಯಿತು. ಹಿಂದೆಯೇ ಕುರ್ಚಿಯ ಮೋಟರಿನಿಂದ ಸುಟ್ಟ ವಾಸನೆ. ಕುರ್ಚಿ ತಲೆ ಕೆಳಗೆ, ಕಾಲು ಮೇಲೆ ಮಾಡಿಕೊಂಡ ಭಂಗಿಯಲ್ಲೇ ನಿಂತುಬಿಟ್ಟಿತು. ಬೇಕರಿಯವರನ್ನು ಅದರಿಂದ ಬಿಡಿಸಲು ಬೀದಿಯಿಂದ ನಾಲ್ವರನ್ನು ಕರೆಯಬೇಕಾಯಿತು.

ಅಷ್ಟರಲ್ಲಿ ಮನೆಗೆ ಬಂದಿದ್ದ ನನ್ನ ಹೆಂಡತಿ, ಡಾಕ್ಟರು ತಂದು ಕುಕ್ಕಿದ ಪೆಟ್ಟಿಗೆಯ ಮುಚ್ಚಳ ತೆಗೆದಳು. ಕೆಂಪು ತೊಟ್ಟು ಇಲ್ಲದ ಸ್ಕ್ರೂವನ್ನು ನೋಡಿದಳು. ಆಮೇಲೆ ನನ್ನ ಹೆಬ್ಬೆರಳನ್ನು ನೋಡಿದಳು. ಉಗುರಿನ ಸಂದಿಯಲ್ಲಿ ಕೆಂಪು ಚೂರು ಇನ್ನೂ ಇತ್ತು. ನಾನು ಕೈಯನ್ನು ಬೆನ್ನ ಹಿಂದೆ ಸರಿಸಿದೆ.

“ತಪ್ಪು ನನ್ನದೇ ಡಾಕ್ಟ್ರೇ. ಅಂಗಡಿ ನನ್ನದು ಅಂದ್ಮೇಲೆ ನನ್ನ ಜವಾಬ್ದಾರಿ” ಎಂದಳು.

“ಸರ್ಟಿಫಿಕೇಟು ತಗೊಂಡ್ಮೇಲೆ ಬನ್ನಿ ಅಕ್ಕ. ಅಲ್ಲೀವರೆಗೂ ನನ್ನ ಕ್ಲಿನಿಕ್ಕಿನ ಯಾವುದನ್ನೂ ಮುಟ್ಬೇಡಿ” ಎಂದು ಡಾಕ್ಟರು ಹೊರಟುಹೋದರು.

ನಾನು ಬಾಯಿಬಿಡಲಿಲ್ಲ. ಮೂವತ್ತನಾಲ್ಕು ವರ್ಷ ‘ಯಾರೋ ಮಾಡಿದ್ದು? ಎದ್ದು ನಿಂತು ಹೇಳು’ ಎಂದು ಗದರಿದ ಬಾಯಿ ಅದು.

ಅವಳು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು, ಹಳದಿ ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಹೇಳಿದಳು. “ಬೀದಿ ಕರೆಂಟಿನ ಅಲೆ ದುಂಡಗಿರುತ್ತೆ. ಈ ಮೀಟರು ಅದನ್ನ ಅಳೆಯೋಕೆ ಮಾಡಿದ್ದು. ಈ ಇನ್ವರ್ಟರಿನ ಅಲೆ ಚೌಕ. ಅದಕ್ಕೆ ಚುಚ್ಚಿದ್ರೆ ಮೀಟರು ಕಮ್ಮಿ ಓದುತ್ತೆ. ನೂರ ಎಂಬತ್ತು ಅಂದ್ರೆ ನಿಜವಾಗಿ ಇನ್ನೂರ ಮೂವತ್ತು ಇದೆ ಅಂತ.”

“ಹಾಗಾದ್ರೆ ನಾನು ಇನ್ನೂರ ಮೂವತ್ತಕ್ಕೆ ಇಟ್ಟಾಗ...”

“ಇನ್ನೂರ ಅರವತ್ತು.”

“ಮೊದಲೇ ಹೇಳಬಾರದಿತ್ತಾ?”

“ಕೇಳಬಾರದಿತ್ತಾ?”

ಅವಳು ಎದ್ದು ಒಳಗೆ ಹೋದಳು. ಅವತ್ತು ಅಂಗಡಿಯ ಬಾಗಿಲು ನಾಲ್ಕಕ್ಕೇ ಮುಚ್ಚಿತು. ಅಂಗಡಿ ತೆರೆದ ಮೇಲೆ ಅದೇ ಮೊದಲ ಸಲ. ಪರೀಕ್ಷೆಯಲ್ಲಿ ಅವಳು ಪಾಸಾಗದಿದ್ದರೆ? ಪಾಸಾದರೂ ‘ಬೇಕರಿಯವರನ್ನು ತಲೆಕೆಳಗೆ ನಿಲ್ಲಿಸಿದ ಅಂಗಡಿ’ ಎಂದು ಯಾರೂ ಬರದಿದ್ದರೆ? ಅರ್ಧ ತಿಳಿದವನಿಗಿಂತ ಏನೂ ತಿಳಿಯದವನು ಮನೆಗೆ ಎಷ್ಟೋ ವಾಸಿ ಎಂದು ನಾನು ಕತ್ತಲ ಅಂಗಡಿಯಲ್ಲಿ ಒಬ್ಬನೇ ಕೂತು ಒಪ್ಪಿಕೊಂಡೆ. ಆದರೆ ಅಲ್ಲಿ ಒಪ್ಪಿಕೊಂಡರೆ ಕೇಳುವವರು ಯಾರು? ಒಪ್ಪಿಕೊಳ್ಳಬೇಕಾದದ್ದು ಡಾಕ್ಟರ ಎದುರು.

ಬೆಳಿಗ್ಗೆ ಎದ್ದವನೇ ಕ್ಲಿನಿಕ್ಕಿಗೆ ಹೋದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆ. ಡಾಕ್ಟರು ಮುಖ ನೋಡದೆ “ಕೂತ್ಕೊಳ್ಳಿ” ಎಂದರು. ಇದ್ದದ್ದು ಆ ಕುರ್ಚಿಯೊಂದೇ. ಕೂತೆ, ಕೂತವನು ಜಾರಿ ತಲೆಕೆಳಗಾದೆ.

“ಡಾಕ್ಟ್ರೇ, ನಾನು ಒಂದು ವಿಷಯ...”

“ಬಾಯಿ ತೆಗೀರಿ.”

ತೆಗೆಯದಿದ್ದರೆ ಹೇಳುವುದು ಹೇಗೆಂದು ತೆಗೆದೆ. ತೆಗೆದದ್ದೇ ತಡ, ಕನ್ನಡಿ ಒಳಗೆ ಹೋಯಿತು, ಹತ್ತಿ ಒಳಗೆ ಹೋಯಿತು. “ಇದು ಅಲ್ಲಾಡ್ತಿದೆಯಲ್ಲ ಮೇಷ್ಟ್ರೇ!” ಎಂಬ ಉದ್ಗಾರ ಕೇಳಿತು. “ಆಆ... ಆಆ...” ಎಂದು ನಾನು ತಪ್ಪೊಪ್ಪಿಕೊಂಡೆ. “ಸ್ವಲ್ಪ ತಡ್ಕೊಳ್ಳಿ” ಎಂದರು. ಎದ್ದು ಓಡೋಣವೆಂದರೆ ಕುರ್ಚಿ ಏಳುವುದಿಲ್ಲ. ಏಳದಂತೆ ಮಾಡಿದವನು ನಾನೇ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲಿದ್ದಳು. “ಎಲ್ಲಿಗೆ ಹೋಗಿದ್ರಿ? ಡಾಕ್ಟ್ರಿಗೆ ಹೇಳೋಕಾ?” ಹೌದೆಂದು ತಲೆಯಾಡಿಸಿದೆ. “ಹೇಳಿದ್ರಾ?” ಇಲ್ಲವೆಂದು ತಲೆಯಾಡಿಸಿ, ಕಾಗದದಲ್ಲಿ ಸುತ್ತಿದ್ದ ಹಲ್ಲನ್ನು ತೋರಿಸಿದೆ. ಅವಳು ಹಲ್ಲನ್ನು ನೋಡಿದಳು, ನನ್ನ ಊದಿದ ಕೆನ್ನೆಯನ್ನು ನೋಡಿದಳು. ಮೊದಲು ತುಟಿ ಕಚ್ಚಿಕೊಂಡಳು. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಒಳಗಿನಿಂದ ಅತ್ತೆ, “ಪಲ್ಸು ಕಿತ್ತಾಯ್ತಾ? ಒಳ್ಳೇದಾಯ್ತು ಬಿಡಿ” ಎಂದರು.

ಮಾತಾಡಲು ಬಾರದ ಆ ಎರಡು ದಿನಗಳಲ್ಲೇ ನಾನು ಅವಳಿಗೆ ನಿಜವಾಗಿ ಏನನ್ನಾದರೂ ಕಲಿಸಿದ್ದು. ಮೂರು ಪುಟಗಳನ್ನು ಹರಿದು ಒಲೆಗೆ ಹಾಕಿದೆ. ಅವಳು ತನ್ನ ಮಾತಿನಲ್ಲೇ ಬರೆದಳು. ನಾನು ಒತ್ತಕ್ಷರ, ದೀರ್ಘ ತಿದ್ದಿದೆ, ಅಷ್ಟೇ. ‘ಬಾಗಿಲು’, ‘ತಳ್ಳು’, ‘ಹೊತ್ತು’ ಎಂದು ಬರೆದು ಬರೆದು ಬೆರಳಿನ ನಡುಕ ನಿಂತಿತು.

ಪರೀಕ್ಷೆಯ ದಿನ ನಾನು ಹೊರಗೆ, ಕಿಟಕಿಯ ಕೆಳಗಿನ ಬೆಂಚಿನಲ್ಲಿ ಕೂತಿದ್ದೆ. ಬರವಣಿಗೆ ಮುಗಿದು ಮೌಖಿಕ ಪರೀಕ್ಷೆ. ಪರೀಕ್ಷಕಿ ಕಂಚಿನ ಕಂಠದ ಇಂಜಿನಿಯರಮ್ಮ. ಅವರ ಮಾತು ಕಾರಿಡಾರಿಗೆಲ್ಲ ಕೇಳುತ್ತಿತ್ತು.

“ಪಲ್ಸಿನ ಅಗಲ ಮಿತಿ ಮೀರಿದ್ರೆ ಏನಾಗುತ್ತೆ? ಪುಸ್ತಕದಲ್ಲಿರೋದು ಬೇಡ, ಕಣ್ಣಲ್ಲಿ ಕಂಡಿದ್ದು ಹೇಳಿ.”

ನನ್ನ ಹೆಂಡತಿ ಶುರುಮಾಡಿದಳು. “ನಮ್ಮ ಬೀದೀಲಿ ಒಬ್ಬ ಮೇಷ್ಟ್ರಿದ್ದಾರೆ ಮೇಡಂ...”

ಆಮೇಲೆ ಅವಳು ಹೇಳಿದ್ದನ್ನು ನಾನಿಲ್ಲಿ ಮತ್ತೆ ಬರೆಯಬೇಕಾಗಿಲ್ಲ. ಮೀಟರು ಬಂತು, ನೂರ ಎಂಬತ್ತು ಬಂತು, ಬೇಕರಿಯವರು ಬಂದರು. ಹಲ್ಲಿಗೆ ಬರುವಷ್ಟರಲ್ಲಿ ಇಂಜಿನಿಯರಮ್ಮನ ನಗು ಕಿಟಕಿಯ ಗಾಜನ್ನು ನಡುಗಿಸುತ್ತಿತ್ತು. ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದವರು ತೊಡೆ ತಟ್ಟಿಕೊಂಡು ನಗುತ್ತ ನನ್ನ ಕಡೆ ತಿರುಗಿ, “ಎಂಥ ಪೆದ್ದ ಇರಬೇಕು ಸಾರ್ ಆ ಮೇಷ್ಟ್ರು!” ಎಂದರು. ಹಲ್ಲು ಹೋದ ಕಡೆಯ ಕೆನ್ನೆಯನ್ನು ಅಂಗೈಯಿಂದ ಮುಚ್ಚಿಕೊಂಡು ನಾನೂ ಹೌದೆಂದೆ.

ಅವಳು ಪಾಸಾದಳು. ಎಲ್ಲರಿಗಿಂತ ಹೆಚ್ಚು ಅಂಕ. ಸರ್ಟಿಫಿಕೇಟು ಕೈಗೆ ಬಂದ ದಿನವೇ ಇಬ್ಬರೂ ಹಲ್ಲಿನ ಡಾಕ್ಟರ ಬಳಿ ಹೋದೆವು. ಈ ಸಲ ನಾನು ಕೂರಲಿಲ್ಲ. ನಿಂತೇ ಹೇಳಿದೆ. “ಡಾಕ್ಟ್ರೇ, ಅವತ್ತು ಸ್ಕ್ರೂ ತಿರುಗಿಸಿದ್ದು ಇವಳಲ್ಲ, ನಾನು.”

“ಗೊತ್ತು. ಅವತ್ತು ಸಾಯಂಕಾಲವೇ ನರ್ಸಮ್ಮ ಹೇಳಿದ್ರು.”

“ಮರುದಿನ ನಾನು ಬಂದಾಗ ಗೊತ್ತಿತ್ತೇ?”

ಡಾಕ್ಟರು ಕನ್ನಡಕ ಒರೆಸಿಕೊಂಡರು. “ಹಲ್ಲು ಅಲ್ಲಾಡ್ತಿದ್ದದ್ದು ನಿಜ ಮೇಷ್ಟ್ರೇ. ಅಷ್ಟು ನಿಧಾನವಾಗಿ ಕೀಳಬೇಕಾಗಿರಲಿಲ್ಲ.”

ಕ್ಲಿನಿಕ್ಕಿನ ಕೆಲಸ ಮತ್ತೆ ಅವಳಿಗೇ ಬಂತು. ಇಲ್ಲಿಗೆ ನನ್ನ ಕಷ್ಟ ಮುಗಿಯಿತೆಂದು ನೀವು ತಿಳಿದಿರಬಹುದು. ನಾನೂ ತಿಳಿದಿದ್ದೆ.

ಮೊನ್ನೆ ಅಂಚೆಯಲ್ಲಿ ಒಂದು ಕಟ್ಟು ಬಂತು. ಇಂಜಿನಿಯರಮ್ಮ ಮೆಕ್ಯಾನಿಕ್ಕುಗಳ ತರಬೇತಿಗೆ ಕೈಪಿಡಿಯೊಂದನ್ನು ಅಚ್ಚು ಹಾಕಿಸುತ್ತಿದ್ದಾರೆ. ಅದರಲ್ಲಿ ಒಂದು ಅಧ್ಯಾಯ ನನ್ನ ಹೆಂಡತಿಯೇ ಬರೆದದ್ದು. ಅದೂ ನನಗೆ ಅವತ್ತೇ ಗೊತ್ತಾದದ್ದು. ಜೊತೆಗೊಂದು ಪತ್ರ: ‘ನಿಮ್ಮ ಮನೆಯವರು ವ್ಯಾಕರಣ ಬಲ್ಲವರೆಂದು ಹೇಳಿದ್ದಿರಿ. ಕಾಗುಣಿತ ತಿದ್ದಿಕೊಟ್ಟರೆ ಉಪಕಾರ. ನಿಮ್ಮ ಬೀದಿಯ ಆ ಮೇಷ್ಟ್ರಿಗೂ ನಮ್ಮ ಕೃತಜ್ಞತೆ ತಿಳಿಸಿ.’

ಕೆಂಪು ಪೆನ್ನು ಹಿಡಿದು, ಕನ್ನಡಕ ಏರಿಸಿ ಕೂತೆ. ನಾಲ್ಕನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿತ್ತು:

‘ಮೇಶ್ಟ್ರ ತಪ್ಪು: ಚೌಕ ಅಲೆಯ ಇನ್ವರ್ಟರನ್ನು ಸಾದಾ ಮೀಟರಿನಿಂದ ಅಳೆದು, ವೋಲ್ಟು ಕಡಿಮೆ ಇದೆ ಎಂದು ನಂಬಿ ಪಲ್ಸಿನ ಅಗಲ ಹೆಚ್ಚಿಸುವುದು. ಲಕ್ಷಣಗಳು: ಅತಿಯಾದ ಬೆಳಕು, ಸುಟ್ಟ ವಾಸನೆ, ತಿರುಗಿಸಿದವರ ಮುಖದಲ್ಲಿ ಸಂತೋಷ. ಪರಿಹಾರ: ಮೊದಲು ಕೇಳುವುದು.’

“ಇದೇನೇ ಇದು! ತೆಗೆದುಹಾಕ್ತೀನಿ. ‘ಅಳತೆಯ ದೋಷ’ ಅಂತ ಬರೆದರಾಯಿತು.”

“ಬೇಡ ರೀ. ತರಬೇತಿಯವರೆಲ್ಲ ಆಗಲೇ ಹಾಗೇ ಕರೀತಿದ್ದಾರೆ. ಹೋದ ವಾರ ಆಸ್ಪತ್ರೇಲಿ ಯಾರೋ ಮಾಡಿದ್ರಂತೆ, ‘ಅಕ್ಕ, ಇಲ್ಲೊಂದು ಮೇಷ್ಟ್ರ ತಪ್ಪಾಗಿದೆ’ ಅಂತ ಫೋನು ಬಂತು. ಅದು ಈಗ ಕಸುಬಿನ ಮಾತು. ನೀವು ಕಾಗುಣಿತ ಮಾತ್ರ ನೋಡಿ.”

ನೋಡಿದೆ. ಎರಡು ಸಲ ನೋಡಿದೆ. ಹದಿನಾರು ಪುಟ; ದೀರ್ಘಗಳೆಲ್ಲ ದೀರ್ಘ, ಒತ್ತುಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ. ಎಂಟನೆಯ ತರಗತಿಗೆ ಪುಸ್ತಕ ಮುಚ್ಚಿದವಳ ಬರಹದಲ್ಲಿ ತಿದ್ದಲು ನನಗೆ ಸಿಕ್ಕಿದ್ದು ಒಂದೇ ಒಂದು ಅಕ್ಷರ. ‘ಮೇಶ್ಟ್ರ’ ಎಂಬಲ್ಲಿನ ‘ಶ’ವನ್ನು ಹೊಡೆದುಹಾಕಿ,‌ ಮೇಲೆ ‘ಷ’ ಎಂದು ದುಂಡಗೆ ಬರೆದು ಕಳಿಸಿಕೊಟ್ಟೆ.